ಸ್ನೇಹದ ಋಣ, ನ್ಯಾಯದ ಹೊಣೆ

ಭಾರತಕಥೆಯನ್ನು ಕನ್ನಡದಲ್ಲಿ ಪಂಪ, ಕುಮಾರವ್ಯಾಸರೂ ತೆಲುಗಿನಲ್ಲಿ ನನ್ನಯ, ತಿಕ್ಕನ, ಎರ್ರನರೂ ರಚಿಸಿದ್ದಾರೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಾಗಲಿ, ಮಡಕಶಿರದಲ್ಲಾಗಲಿ, ಎರಡು ನುಡಿಗಳ ನಡುವೆ ಬೆಳೆಯುವ ನಮಗೆ ಎರಡೂ ಸ್ವಂತವೇ. ಆ ಕಥೆಯಲ್ಲಿ ಎರಡು ಕಡೆಗೂ ಸಲ್ಲಬೇಕಾದವನು ಕರ್ಣ.

ಯುದ್ಧಕ್ಕೆ ಮುನ್ನ ಕೃಷ್ಣನು ಅವನಿಗೆ ಜನ್ಮರಹಸ್ಯವನ್ನು ತಿಳಿಸಿದನು. ಪಾಂಡವರು ಒಡಹುಟ್ಟಿದವರು, ಆದರೆ ಸೂತಪುತ್ರನೆಂದು ಹೀಗಳೆದಾಗ ಅಂಗರಾಜ್ಯವನ್ನಿತ್ತು ಮಾನ ಉಳಿಸಿದವನು ದುರ್ಯೋಧನ. ಕರ್ಣನು ಸ್ನೇಹವನ್ನು ಬಿಡಲಿಲ್ಲ. ಪಂಪನು ಆತನ ನಿಷ್ಠೆಯನ್ನು ಮನಸಾರೆ ಹೊಗಳಿದ್ದಾನೆ.

ಹಾಗಾದರೆ ಕರ್ಣನಲ್ಲಿ ತಪ್ಪೇ ಇಲ್ಲವೆ? ಇದೆ. ಅದು ಗೆಳೆಯನ ಪಕ್ಷದಲ್ಲಿ ನಿಂತದ್ದಲ್ಲ. ದ್ರೌಪದಿಯನ್ನು ಸಭೆಗೆ ಎಳೆತಂದ ದಿನ ದುರ್ಯೋಧನನ ತಮ್ಮ ವಿಕರ್ಣನೇ ಎದ್ದು ನಿಂತು ಇದು ಅಧರ್ಮವೆಂದನು. ಅವನನ್ನು ಗದರಿಸಿದವನು ಕರ್ಣ. ಮುಂದೆ ವಿಕರ್ಣನೂ ಅಣ್ಣನ ಪರವಾಗಿಯೇ ಹೋರಾಡಿ ಮಡಿದನು. ಆದರೆ ಹೇಳಬೇಕಾದ ಮಾತನ್ನು ಹೇಳಿದ್ದನು. ಧೃತರಾಷ್ಟ್ರನ ಇನ್ನೊಬ್ಬ ಮಗ ಯುಯುತ್ಸುವಂತೂ ಪಾಂಡವರ ಕಡೆಗೇ ಬಂದನು.

ವಿದ್ಯಾರ್ಥಿಗಳೇ, ಉಂಡ ಮನೆಗೆ ಎರಡು ಬಗೆಯಬಾರದು, ನಿಜ. ಆದರೆ ಗೆಳೆಯನು ತಪ್ಪುದಾರಿ ಹಿಡಿದಾಗ ತಡೆದು ಹೇಳುವುದು ಎರಡು ಬಗೆದಂತಲ್ಲ. ಅದೂ ಋಣ ತೀರಿಸುವ ದಾರಿಯೇ.