ಮುರುಗಲ ಕೆಂಪನ್ನು ಕಾಪಿಡುವ ಬಗೆ

ಸಹ್ಯಾದ್ರಿಯ ತಪ್ಪಲಿನವರಿಗೆ ಮುರುಗಲನ್ನು ಪರಿಚಯಿಸಬೇಕಾದುದಿಲ್ಲ. ದಕ್ಷಿಣ ಕನ್ನಡದಲ್ಲಿ ಅದೇ ಪುನರ್ಪುಳಿ. ಬೇಸಗೆಯ ಕೊನೆಗೆ ಹಣ್ಣಾಗುವ ಇದರ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿಡುವುದು ವಾಡಿಕೆ. ಮಳೆ ಮುಂಚೆ ಬಂದಿತೆಂದರೆ ಹಣ್ಣು ಮರದಡಿಯಲ್ಲಿಯೇ ಕೊಳೆಯುತ್ತದೆ. ಸಿಪ್ಪೆಯ ಕಡುಗೆಂಪಿಗೆ ಕಾರಣವಾದ ಆಂಥೋಸಯನಿನ್‌ಗಳು ಬಣ್ಣವಷ್ಟೇ ಅಲ್ಲ, ಉತ್ಕರ್ಷಣರೋಧಕಗಳೂ ಹೌದು. ಅಂದರೆ ಇತರ ವಸ್ತುಗಳ ಮೇಲೆರಗುವ ಕ್ರಿಯಾಶೀಲ ಆಮ್ಲಜನಕಕ್ಕೆ ತಾವೇ ಎಲೆಕ್ಟ್ರಾನನ್ನಿತ್ತು ಅದನ್ನು ತಣಿಸುತ್ತವೆ. ಹೀಗೆ ತನ್ನನ್ನೇ ತೆತ್ತುಕೊಳ್ಳುವ ವಸ್ತು ಬಹುಕಾಲ ಬಾಳದಿರುವುದು ಸಹಜವೇ. ಬೆಳಕು, ಶಾಖ, ಗಾಳಿ ಮೂರೂ ಅದಕ್ಕೆ ಶತ್ರುಗಳು.

ಸಸ್ಯಸಾರ ತೆಗೆಯಲು ಹೆಕ್ಸೇನ್, ಮೆಥನಾಲ್‌ಗಳ ಬಳಕೆ ಉಂಟು. ಮೊದಲನೆಯದನ್ನು ಬೆಂಕಿಯ ಬಳಿ ಸುಳಿಯಗೊಡಬಾರದು, ಎರಡನೆಯದು ವಿಷ. ಇವುಗಳ ಬದಲು ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿ ಸೆಂಟಿಗ್ರೇಡಿಗೂ 73 ವಾಯುಮಂಡಲಗಳ ಒತ್ತಡಕ್ಕೂ ಮೇಲೇರಿಸಿ ದ್ರಾವಕವಾಗಿಸುವುದು ಹೆಸರಾದ ವಿಧಾನ. ಒತ್ತಡವನ್ನಿಳಿಸಿದೊಡನೆ ಅದು ಅನಿಲವಾಗಿ ಹಾರಿಹೋಗುತ್ತದೆ. ಆದರೆ ಅದು ಎಣ್ಣೆಯಂಥ ವಸ್ತುಗಳನ್ನು ಕರಗಿಸೀತೇ ಹೊರತು ನೀರನ್ನು ಮೆಚ್ಚುವ ಆಂಥೋಸಯನಿನ್ನನ್ನಲ್ಲ. ಮುರುಗಲಿಗೆ ನಮ್ಮ ಅಜ್ಜಿಯರು ಬಳಸಿದ ನೀರೇ ಮೇಲು. ಹಣ್ಣಿನ ಹುಳಿಯೂ ನೆರವಾಗುತ್ತದೆ, ಏಕೆಂದರೆ ಆಮ್ಲದಲ್ಲಿ ಈ ಬಣ್ಣ ಹೆಚ್ಚು ಸ್ಥಿರ. ಪಾನಕಕ್ಕೆ ಹುಳಿ ಅಡಗುವಷ್ಟು ಅಡುಗೆ ಸೋಡಾ ಬೆರೆಸಿದರೆ ಕೆಂಪು ಕೆಟ್ಟು ನೀಲಿಯತ್ತ ತಿರುಗುವುದನ್ನು ವಾಚಕರು ಮನೆಯಲ್ಲಿಯೇ ನೋಡಬಹುದು.

ತೆಗೆದ ಸಾರವನ್ನು ಉಳಿಸುವುದು ಹೇಗೆ? ಇಲ್ಲಿ ಭೌತಶಾಸ್ತ್ರದ ಪ್ರವೇಶವಾಗುತ್ತದೆ. ಸಾರಕ್ಕೆ ಪಿಷ್ಟದಿಂದ ಪಡೆದ ಮಾಲ್ಟೋಡೆಕ್ಸ್ಟ್ರಿನ್ ಬೆರೆಸಿ, ಸುಮಾರು 160 ಡಿಗ್ರಿಯ ಬಿಸಿಗಾಳಿಯೊಳಕ್ಕೆ ತುಂತುರಾಗಿ ಚಿಮ್ಮಿಸುತ್ತಾರೆ. ಶಾಖಕ್ಕೆ ಅಂಜುವ ವಸ್ತುವನ್ನು ಇಂಥ ಕುಲುಮೆಗೆ ನೂಕುವುದೇ? ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ದ್ರವವನ್ನು 50 ಮೈಕ್ರಾನ್ ವ್ಯಾಸದ ಹನಿಗಳಾಗಿ ಒಡೆದರೆ ಸುಮಾರು 1,500 ಕೋಟಿ ಹನಿಗಳಾಗುತ್ತವೆ. ಅವುಗಳ ಒಟ್ಟು ಮೇಲ್ಮೈ 120 ಚದರ ಮೀಟರ್! ಇಷ್ಟು ವಿಸ್ತಾರದಿಂದ ನೀರು ಕೆಲವೇ ಸೆಕೆಂಡುಗಳಲ್ಲಿ ಆವಿಯಾಗಿಬಿಡುತ್ತದೆ. ಆವಿಯಾಗುವ ನೀರು ಶಾಖವನ್ನು ಹೀರುವುದರಿಂದ, ಮಣ್ಣಿನ ಹೂಜಿಯ ನೀರಿನಂತೆಯೇ, ತೇವವಿರುವ ತನಕ ಹನಿಯು ಸುತ್ತಣ ಗಾಳಿಗಿಂತ ಎಷ್ಟೋ ತಂಪಾಗಿರುತ್ತದೆ. ಅದು ಒಣಗುವ ಹೊತ್ತಿಗೆ ಗಾಳಿಯೂ ತಣಿದಿರುತ್ತದೆ. ಉಳಿದ ಮಾಲ್ಟೋಡೆಕ್ಸ್ಟ್ರಿನ್ ಗಾಜಿನಂತೆ ಗಡುಸಾಗಿ ಬಣ್ಣವನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಆ ಗಾಜಿನೊಳಗೆ ಆಮ್ಲಜನಕದ ಅಣುಗಳ ಸಂಚಾರ ಬಹು ನಿಧಾನ. ತೇವ ತಗುಲಿದರೆ ಮಾತ್ರ ಅದು ಮೆತ್ತಗಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಪುಡಿಯ ಡಬ್ಬಿಯನ್ನು ತೆರೆದಿಡುವಂತಿಲ್ಲ.

ಇಷ್ಟಾದರೂ ಪರಿಸರಸ್ನೇಹಿ ಎಂಬ ಮಾತನ್ನು ತೂಗಿ ಆಡಬೇಕೆನ್ನಿಸುತ್ತದೆ. ವಿಷದ್ರಾವಕ ತಪ್ಪಿತು, ನಿಜ. ಆದರೆ ಒಂದು ಲೀಟರ್ ನೀರನ್ನು ಆವಿಯಾಗಿಸಲು 0.6 ಯೂನಿಟ್ ವಿದ್ಯುತ್ತಿಗೂ ಮಿಗಿಲಾದ ಶಕ್ತಿ ಬೇಕೇಬೇಕು. ಆದುದರಿಂದ ಸಾರವನ್ನು ಮೊದಲು ಪೊರೆಗಳ ಮೂಲಕ ಸೋಸಿ, ನೀರನ್ನು ಆದಷ್ಟು ತೆಗೆದು, ಗಟ್ಟಿಯಾದುದನ್ನಷ್ಟೇ ಬಿಸಿಗಾಳಿಗೆ ಒಡ್ಡುವುದು ಜಾಣತನ. ಬೀಜವನ್ನೂ ಎಸೆಯಬೇಕಾಗಿಲ್ಲ, ಅದನ್ನು ಕುಟ್ಟಿ ಕುದಿಸಿದರೆ ಮುರುಗಲ ತುಪ್ಪ ದೊರೆಯುತ್ತದೆ.