ನೇತ್ರಾಣಿಯ ನಡುಗಡ್ಡೆ

ದ್ವೀಪಗಳನ್ನು ನೋಡಬೇಕೆಂಬ ಆಸೆಯುಳ್ಳವರ ಮನಸ್ಸು ಮೊದಲು ಗ್ರೀಸ್ ದೇಶದ ಕಡೆಗೆ ಹರಿಯುವುದು ಸಹಜ. ಆ ದೇಶಕ್ಕೆ ಸೇರಿದ ದ್ವೀಪಗಳು ಸಾವಿರಾರು. ಅವುಗಳಲ್ಲಿ ಜನವಸತಿಯುಳ್ಳವು ಇನ್ನೂರಕ್ಕೆ ಸ್ವಲ್ಪ ಮೇಲೆ. ಹೆಸರಾಂತ ದ್ವೀಪಗಳನ್ನು ಬಿಟ್ಟರೆ ಉಳಿದ ಅನೇಕವುಗಳ ಕಡೆಗೆ ಪ್ರವಾಸಿಗಳು ಸುಳಿಯುವುದು ಕಡಿಮೆ. ಆದರೆ ಜನರು ತುಳಿಯದ ನೆಲವನ್ನು ಕಾಣಲು ಅಷ್ಟು ದೂರ ಹೋಗಬೇಕಾದುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಕಡಲಿನಲ್ಲಿಯೇ ಅಂಥದೊಂದು ನಡುಗಡ್ಡೆಯುಂಟು. ಅದೇ ನೇತ್ರಾಣಿ.

ಹುಬ್ಬಳ್ಳಿಯ ಕಡೆಯಿಂದ ಬರುವವರು ಮುಂಡಗೋಡವನ್ನು ದಾಟಿ, ಎಕ್ಕಂಬಿಯ ಮೇಲೆ ಹಾದು ಶಿರಸಿಯನ್ನು ಸೇರುವರು. ಎಕ್ಕಂಬಿಯಲ್ಲಿ ನಿಂತವನಿಗೆ ಸಮುದ್ರದ ಸುಳಿವೇ ಇಲ್ಲ. ಅದು ಘಟ್ಟದ ಮೇಲಣ ಸೀಮೆ. ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಬಂದೊಡನೆ ನೋಟವೆಲ್ಲ ಬದಲಾಗುವುದು. ಅಡಿಕೆಯ ತೋಟಗಳ ನೆಲವು ಹಿಂದುಳಿದು, ತೆಂಗು, ಉಪ್ಪುನೀರು, ಮೀನಿನ ಬಲೆಗಳು ಎದುರಾಗುವುವು. ಅಲ್ಲಿಂದ ಹೊನ್ನಾವರದಲ್ಲಿ ಶರಾವತಿಯನ್ನು ದಾಟಿ ತೆಂಕಲಿಗೆ ನಡೆದರೆ ಮುರ್ಡೇಶ್ವರ. ರೈಲಿನಲ್ಲಿ ಬರುವವರಿಗೂ ಕೊಂಕಣ ರೈಲ್ವೆಯ ನಿಲ್ದಾಣವೊಂದು ಅಲ್ಲಿರುವುದು. ನೇತ್ರಾಣಿಯು ಈ ದಡದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿ, ನಾವಿಕರ ಲೆಕ್ಕದಲ್ಲಿ ಹತ್ತು ಮೈಲಿಯಷ್ಟು ಒಳಗೆ, ನಿಂತಿದೆ.

ಯಂತ್ರದ ದೋಣಿಗೆ ಒಂದು, ಒಂದೂವರೆ ಗಂಟೆಯ ಹಾದಿ. ಆದರೆ ವರ್ಷವೆಲ್ಲ ಈ ಹಾದಿ ತೆರೆದಿರುವುದಿಲ್ಲ. ಮುಂಗಾರು ಹಿಡಿದ ಮೇಲೆ ಅರಬ್ಬಿ ಸಮುದ್ರವು ದೋಣಿಗಳನ್ನು ಒಳಗೆ ಬಿಡದು. ಮಳೆಗಾಲವು ಹಿಂದಕ್ಕೆ ಸರಿದು, ಕಡಲು ಶಾಂತವಾಗಿ, ನೀರು ತಿಳಿಯಾದ ಮೇಲೆಯೇ, ಎಂದರೆ ಅಕ್ಟೋಬರಿನಿಂದ ಬೇಸಗೆಯ ಕೊನೆಯವರೆಗೆ, ಅಲ್ಲಿಗೆ ಹೋಗುವ ಕಾಲ.

ಹತ್ತಿರ ಸಾರಿದಂತೆ ಕಡಿದಾದ ಬಂಡೆಗಳೂ ಅವುಗಳ ಮೇಲೆ ಹಸುರು ಕಾಡೂ ಕಾಣುವುವು. ಮನೆಯಿಲ್ಲ, ಅಂಗಡಿಯಿಲ್ಲ, ಬಂದರಿಲ್ಲ. ಆಂಗ್ಲರು ಇದನ್ನು ಪಾರಿವಾಳಗಳ ದ್ವೀಪವೆಂದು ಕರೆದರು. ಇಲ್ಲಿಯ ಗವಿಗಳಲ್ಲಿ ನೆಲೆಸಿದ ಪಾರಿವಾಳಗಳೇ ಇದಕ್ಕೆ ಕಾರಣ. ಅವುಗಳಿಗಿಂತಲೂ ವಿಚಿತ್ರವಾದುದು ಅಂಬರಕೀಚುಗವನ್ನು ಹೋಲುವ ಒಂದು ಸಣ್ಣ ಹಕ್ಕಿ. ಇದು ಕತ್ತಲೆಯ ಗವಿಯ ಬಂಡೆಗೆ ತನ್ನ ಜೊಲ್ಲಿನಿಂದಲೇ ಗೂಡನ್ನು ಅಂಟಿಸುವುದು. ಈ ಜಾತಿಯ ಹಕ್ಕಿಗಳ ಗೂಡುಗಳನ್ನು ಚೀನೀಯರು ಭಕ್ಷ್ಯವೆಂದು ಬೆಲೆಕೊಟ್ಟು ಕೊಳ್ಳುವರು. ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡುಕಟ್ಟುವುವು.

ಆದರೆ ನೇತ್ರಾಣಿಯ ಹೆಚ್ಚಿನ ಸಂಪತ್ತು ನೀರಿನ ಕೆಳಗಿದೆ. ಹವಳವನ್ನು ನಾವು ಕಲ್ಲೆಂದು ಬಗೆಯುತ್ತೇವೆ. ನಿಜವಾಗಿ ಅದು ಸಣ್ಣ ಸಣ್ಣ ಜೀವಿಗಳ ಮನೆ. ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ಈ ಜೀವಿಗಳು ತಮ್ಮ ಸುತ್ತ ಗೋಡೆ ಕಟ್ಟಿಕೊಳ್ಳುವುವು. ಇವುಗಳ ಒಡಲಿನಲ್ಲಿ ಕಣ್ಣಿಗೆ ಕಾಣದ ಪಾಚಿಯು ವಾಸಿಸಿ, ಬಿಸಿಲಿನ ಬಲದಿಂದ ಆಹಾರವನ್ನು ಸಿದ್ಧಪಡಿಸಿ ಒಡೆಯನಿಗೂ ಪಾಲು ಕೊಡುವುದು. ಆದುದರಿಂದ ಹವಳಕ್ಕೆ ಬೆಳಕು ಬೇಕು. ಬೆಳಕಿಗೆ ತಿಳಿನೀರು ಬೇಕು. ಅಘನಾಶಿನಿ, ಶರಾವತಿಗಳು ಘಟ್ಟದ ಮಣ್ಣನ್ನು ತಂದು ಸುರಿಯುವ ದಡದ ಬಳಿ ನೀರು ಕದಡಿರುವುದು. ದಡದಿಂದ ದೂರವಿರುವ ನೇತ್ರಾಣಿಗೆ ಆ ಕೆಸರಿನ ಬಾಧೆ ಕಡಿಮೆ. ದೂರವೇ ಅದನ್ನು ಕಾಪಾಡಿದೆ.

ಉಸಿರಾಟದ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಇಲ್ಲಿ ಮುಳುಗುವ ಸ್ಕೂಬಾ ವಿದ್ಯೆಯನ್ನು ಈಚಿನ ವರ್ಷಗಳಲ್ಲಿ ಮುರ್ಡೇಶ್ವರದಲ್ಲಿ ಕಲಿಸುತ್ತಾರೆ. ೨೦೨೨ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರರ ‘ಗಂಧದ ಗುಡಿ’ ಚಿತ್ರದಿಂದ ನಾಡಿನ ಅನೇಕರಿಗೆ ಈ ಜಲಲೋಕದ ಪರಿಚಯವಾಯಿತು. ಮುಳುಗಲು ಹೋದವರ ದೋಣಿಯು ಬಂಡೆಯ ಮಗ್ಗುಲಲ್ಲಿ ನಿಲ್ಲುವುದೇ ಹೊರತು, ಸಾಮಾನ್ಯವಾಗಿ ಅವರನ್ನು ನೆಲಕ್ಕೆ ಇಳಿಸುವುದಿಲ್ಲ.

ಹಾಗೆಂದು ಈ ನೆಲವನ್ನು ಯಾರೂ ಮುಟ್ಟಿಲ್ಲವೆಂದಲ್ಲ. ಕರಾವಳಿಯ ಮೀನುಗಾರರು ಇಲ್ಲಿಯ ದೈವಕ್ಕೆ ಹರಕೆ ಹೊತ್ತು ಬಂದು ಸಲ್ಲಿಸುವರು. ಹರಕೆಯ ಆಡುಗಳ ಸಂತತಿಯು ಕಾಡಿನಲ್ಲಿ ಬೆಳೆದಿದೆ. ಮತ್ತೊಂದು ಕಡೆ, ಭಾರತದ ನೌಕಾದಳವು ಈ ದ್ವೀಪವನ್ನು ಗುರಿಯ ಅಭ್ಯಾಸಕ್ಕಾಗಿ ಬಳಸಿದೆ. ಹಕ್ಕಿಗಳ ಗೂಡುಗಳಿಗೂ ಹವಳಕ್ಕೂ ಇದರಿಂದ ಕೇಡೆಂದು ನಿಸರ್ಗಾಭ್ಯಾಸಿಗಳು ಆಕ್ಷೇಪವೆತ್ತಿದ್ದಾರೆ. ದೇಶರಕ್ಷಣೆಯ ಅಗತ್ಯವನ್ನು ನಾವಾರೂ ಅಲ್ಲಗಳೆಯುವುದಿಲ್ಲ. ಆದರೆ ಮನುಷ್ಯರಿಲ್ಲದ ನೆಲವನ್ನು ಬರಿಯ ಬಂಡೆಯೆಂದು ಎಣಿಸುವುದು ಸರಿಯೆ? ಅಲ್ಲಿ ಒಕ್ಕಲಿರುವವರಿಗೆ ಅರ್ಜಿ ಬರೆಯಲು ಬಾರದು, ಅಷ್ಟೇ ವ್ಯತ್ಯಾಸ.

ಗ್ರೀಸಿನ ಡೆಲೋಸ್ ದ್ವೀಪದ ಸಂಗತಿಯನ್ನು ಇಲ್ಲಿ ನೆನೆಯಬಹುದು. ಅದು ಅಪೊಲೊ ದೇವನ ಜನ್ಮಸ್ಥಾನವೆಂದು ಪ್ರಸಿದ್ಧಿ. ಕ್ರಿ. ಪೂ. ೪೨೬ರಲ್ಲಿ ಅಥೆನ್ಸಿನವರು ಅಲ್ಲಿಯ ಗೋರಿಗಳನ್ನೆಲ್ಲ ತೆಗೆಯಿಸಿ, ಇನ್ನು ಮುಂದೆ ಆ ನೆಲದಲ್ಲಿ ಯಾರೂ ಹುಟ್ಟಕೂಡದು, ಸಾಯಕೂಡದು ಎಂದು ಕಟ್ಟುಮಾಡಿದರು. ಇಂದಿಗೂ ಪ್ರವಾಸಿಗಳು ಹಗಲಿನಲ್ಲಿ ಹೋಗಿ, ರಾತ್ರಿ ತಂಗದೆ ಹಿಂದಿರುಗಬೇಕು. ಅಲ್ಲಿ ಕಾಯುವುದು ಹಳೆಯ ಕಲ್ಲುಗಳನ್ನು. ಇಲ್ಲಿ ಕಾಯಬೇಕಾದುದು ಜೀವಂತವಾದ ಕಲ್ಲುಗಳನ್ನು. ನಿಯಮವು ಎರಡಕ್ಕೂ ಒಂದೇ ಆಗಬಹುದು: ಬನ್ನಿ, ನೋಡಿ, ಉಳಿಯಬೇಡಿ.

ನೇತ್ರಾಣಿಗೆ ಹೋಗುವವರಿಗೆ ನಾವು ಹೇಳುವ ಮಾತು ಇಷ್ಟೆ. ಹವಳದ ಮೇಲೆ ಕಾಲಿಡಬಾರದು. ವರ್ಷಗಳ ಬೆಳವಣಿಗೆ ಒಂದು ತುಳಿತಕ್ಕೆ ಮುರಿಯುವುದು. ದೋಣಿಯ ಲಂಗರು ಹವಳದ ಮೇಲೆ ಬೀಳದಂತೆ ನಡೆಸುವವರಿಗೆ ಹೇಳಬೇಕು. ತಂದ ತಿಂಡಿಯ ಪೊಟ್ಟಣವನ್ನು ಹಿಂದಕ್ಕೆ ತರಬೇಕು. ಚಿಪ್ಪನ್ನಾಗಲಿ ಹವಳದ ತುಂಡನ್ನಾಗಲಿ ತರಬಾರದು. ನೀರಿಗಿಳಿಯಲು ಅಂಜುವವರು ಮುರ್ಡೇಶ್ವರದ ದಡದಲ್ಲಿಯೇ ನಿಲ್ಲಬಹುದು. ಆಕಾಶವು ತಿಳಿಯಾದ ದಿನ ಪಡುವಣ ಅಂಚಿನಲ್ಲಿ ಒಂದು ಕಪ್ಪು ಗುಡ್ಡ ಕಾಣುವುದು. ಹದ್ದುಗಳ ಪಾಲಿಗೆ, ಅಷ್ಟು ದೂರದಿಂದ ನೋಡುವವರೂ ಒಳ್ಳೆಯ ಅತಿಥಿಗಳೇ.