ಆರನೆಯ ವರ್ಷದ ಹಲ್ಲು

ಬೆಳಗಿನ ಹೊತ್ತು ಅಂಕೋಲೆಯ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿಯ ಬಸ್ಸಿಗಾಗಿ ಕಾದು ನಿಂತವರನ್ನು ಗಮನಿಸಿದರೆ, ಕಂಕುಳಲ್ಲಿ ಫೈಲು ಇರುಕಿಕೊಂಡವರು ಒಬ್ಬಿಬ್ಬರಾದರೂ ಕಣ್ಣಿಗೆ ಬೀಳದಿರರು. ಕೋರ್ಟಿನ ಕಾಗದವಿರಬಹುದು, ಆಸ್ಪತ್ರೆಯದಿರಬಹುದು. ಎರಡು ವರ್ಷಗಳ ಕಾಲ ನಾನೂ ಆ ಗುಂಪಿಗೆ ಸೇರಿದವನಾಗಿದ್ದೆ. ನನ್ನ ಫೈಲಿನಲ್ಲಿದ್ದುದು ಅಕ್ಕನ ಮಗಳ ಹಲ್ಲಿನ ಚರಿತ್ರೆ. ಹದಿಮೂರು ವರ್ಷದ ಹುಡುಗಿ. ನಗುವಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹಲ್ಲುಗಳು ಸಂತೆಯ ಜನರಂತೆ ಒಂದರ ಹೆಗಲ ಮೇಲೊಂದು ಹತ್ತಿ ನಿಂತಿದ್ದವು. ಅವಳನ್ನು ಕರೆದುಕೊಂಡು ತಿಂಗಳಿಗೊಮ್ಮೆ ಆರಬೈಲ್ ಘಟ್ಟವನ್ನೇರಿ, ಯಲ್ಲಾಪುರವನ್ನು ದಾಟಿ, ಬಯಲುಸೀಮೆಯ ಒಂದು ದಂತವೈದ್ಯ ಕಾಲೇಜಿಗೆ ಹೋಗಿ ಬರುವುದು ನನ್ನ ಪಾಲಿನ ಕೆಲಸವಾಯಿತು.

ಇಷ್ಟು ದೂರವೇಕೆಂದು ವಾಚಕರು ಕೇಳಬಹುದು. ಕ್ಲಿಪ್ಪು ಹಾಕುವ ವೈದ್ಯರು ಈಗ ಊರೂರಿನಲ್ಲಿ ಸಿಗುತ್ತಾರೆ, ನಿಜ. ಆದರೆ ವಿದ್ಯಾರ್ಥಿಗಳು ಕಲಿಯುವ ಕಾಲೇಜಿನಲ್ಲಿ ಖರ್ಚು ಕಡಿಮೆ. ನಮ್ಮ ಭಾಗದವರಿಗೆ ದಂತವೈದ್ಯಕೀಯವೆಂದರೆ ಬಹುಕಾಲದಿಂದಲೂ ಪ್ರಯಾಣದ ವಿದ್ಯೆಯೇ. 1956ಕ್ಕೆ ಮುನ್ನ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ ದೃಷ್ಟಿ ಸಹಜವಾಗಿ ಮುಂಬಯಿಯ ಕಡೆಗಿತ್ತು. ಅಲ್ಲಿಯ ನಾಯರ್ ದಂತ ಕಾಲೇಜು 1933ರದು. ಬೆಂಗಳೂರಿನ ಸರಕಾರಿ ದಂತ ಕಾಲೇಜು ಹುಟ್ಟಿದ್ದು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ಗೋವೆಯದು 1980ರಲ್ಲಿ, ಧಾರವಾಡದ ಎಸ್.ಡಿ.ಎಂ. ಕಾಲೇಜು 1986ರಲ್ಲಿ. ಕಾರವಾರ, ಅಂಕೋಲೆಗಳ ಹುಡುಗ ಹುಡುಗಿಯರು ಈ ವಿದ್ಯೆಯನ್ನರಸಿ ಘಟ್ಟ ಹತ್ತುತ್ತಾರೆ, ಇಲ್ಲವೆ ಕರಾವಳಿಯುದ್ದಕ್ಕೂ ತೆಂಕಲಿಗೋ ಬಡಗಲಿಗೋ ಹೋಗುತ್ತಾರೆ. ರೋಗಿಗಳೂ ಅದೇ ದಾರಿ ಹಿಡಿಯುತ್ತಾರೆ. ಮಳೆಗಾಲದಲ್ಲಿ ಆ ದಾರಿಯನ್ನು ನಂಬುವಂತಿಲ್ಲ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ತೆಂಕಣ ಹೆದ್ದಾರಿ ಮುಚ್ಚಿತು. ಆಗಸ್ಟಿನಲ್ಲಿ ಕಾಳಿಯ ಹಳೆಯ ಸೇತುವೆ ನದಿಗೆ ಬಿತ್ತು. ನಾಲ್ಕಾರು ವಾರಗಳಿಗೊಮ್ಮೆ ತಪ್ಪದೆ ಬಿಗಿ ಮಾಡಿಸಿಕೊಳ್ಳಬೇಕಾದ ತಂತಿ ಗುಡ್ಡದ ಸಮಾಚಾರವನ್ನು ಕೇಳುವುದಿಲ್ಲ.

ಕಾಲೇಜಿನ ಮೊಗಸಾಲೆಯಲ್ಲಿ ಕುಳಿತು ಕಳೆದ ಗಂಟೆಗಳು ವ್ಯರ್ಥವಾಗಲಿಲ್ಲ. ಅಲ್ಲಿ ಎರಡು ವಿಭಾಗಗಳು ಎದುರುಬದುರಾಗಿದ್ದವು. ಒಂದರ ಗೋಡೆಯ ತುಂಬ ಮೊಲ, ಆನೆ, ಗಿಳಿಗಳ ಚಿತ್ರ, ಒಳಗಿನಿಂದ ಅಳು. ಅದು ಮಕ್ಕಳ ದಂತ ವಿಭಾಗ. ಇನ್ನೊಂದರಲ್ಲಿ ನಿಶ್ಶಬ್ದ, ವಕ್ರದಂತಗಳನ್ನು ನೇರಗೊಳಿಸುವ ವಿಭಾಗವದು. ವಿದ್ಯಾರ್ಥಿಗಳು ನಾಲ್ಕು ವರ್ಷದ ಓದಿನಲ್ಲಿಯೂ ಅನಂತರದ ಒಂದು ವರ್ಷದ ಆಸ್ಪತ್ರೆಯ ತರಬೇತಿಯಲ್ಲಿಯೂ ಈ ಎರಡೂ ಬಾಗಿಲುಗಳನ್ನು ದಾಟಬೇಕು.

ನಿಶ್ಶಬ್ದದ ಕೋಣೆಯಲ್ಲಿ ಮೊದಲು ಕಲಿಸುವುದು ಹಲ್ಲನ್ನಲ್ಲ, ತಂತಿಯನ್ನು. ಸುರುಳಿಯಿಂದ ಕತ್ತರಿಸಿಕೊಟ್ಟ ಉಕ್ಕಿನ ತಂತಿಯನ್ನು ಬರಿಯ ಬೆರಳಿನಿಂದ ನೀವಿ ನೇರ ಮಾಡಬೇಕು. ನೋಡುವವರಿಗೆ ಸುಲಭವೆನಿಸುತ್ತದೆ; ನಾನೂ ಒಂದು ತುಂಡು ಬೇಡಿ ಪಡೆದು ಪ್ರಯತ್ನಿಸಿದೆ, ಅದು ಹಾವಾಗಿಯೇ ಉಳಿಯಿತು! ಆಮೇಲೆ ಇಕ್ಕಳ ಹಿಡಿದು ಚೌಕ, ತ್ರಿಕೋಣ, ವೃತ್ತಗಳನ್ನು ಬಾಗಿಸಬೇಕು. ಕಾಗದದ ಮೇಲೆ ಬರೆದ ಆಕೃತಿಗೆ ತಂತಿ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು, ಮೇಜಿನ ಮೇಲಿಟ್ಟರೆ ಅಲುಗಾಡಬಾರದು. ಇಕ್ಕಳದ ಗಾಯ ತಂತಿಯ ಮೇಲೆ ಬಿದ್ದರೆ ಮೇಷ್ಟ್ರು ಅದನ್ನು ಬುಟ್ಟಿಗೆ ಹಾಕುತ್ತಾರೆ. ಗಾಯಗೊಂಡ ತಂತಿ ಒಂದು ದಿನ ಮಗುವಿನ ಬಾಯಲ್ಲಿ ಮುರಿಯುವುದೆಂದು ಅವರ ವಾದ. ಅಲ್ಲಿಂದ ಮುಂದೆ ಆಡಮ್ಸ್ ಎಂಬ ವೈದ್ಯ 1950ರ ಸುಮಾರಿಗೆ ರೂಪಿಸಿದ ಕೊಂಡಿ. ಬಾಣದ ಮೊನೆಯಂತಹ ಎರಡು ಮೂಲೆಗಳು ದವಡೆಹಲ್ಲಿನ ಬುಡವನ್ನು ಎರಡೂ ಕಡೆ ಕಚ್ಚಿ ಹಿಡಿಯಬೇಕು. ಒಂದು ಮೂಲೆ ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಒಬ್ಬ ಹುಡುಗಿ ಬೆಳಗಿನಿಂದ ಏಳನೆಯ ಕೊಂಡಿಯನ್ನು ಬಾಗಿಸುತ್ತಿದ್ದುದನ್ನು ಕಂಡು ನನಗೆ ನಮ್ಮೂರ ಅಕ್ಕಸಾಲಿಗರ ನೆನಪಾಯಿತು. ವ್ಯತ್ಯಾಸವಿಷ್ಟೆ: ಅಕ್ಕಸಾಲಿಗನ ಬಳೆಯನ್ನು ಕೈಗೆ ತಕ್ಕಂತೆ ಮಾಡುತ್ತಾರೆ, ಇಲ್ಲಿ ತಂತಿಗೆ ತಕ್ಕಂತೆ ಹಲ್ಲೇ ನಡೆದು ಬರಬೇಕು.

ಹಲ್ಲು ನಡೆಯುವುದು ಹೇಗೆ? ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಸೆಳೆತದ ಕಡೆ ಹೊಸ ಎಲುಬು ಕಟ್ಟುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದನ್ನು ತೋರಿಸುವ ಉಪಾಯವೊಂದುಂಟು. ಮೇಣದಲ್ಲಿ ವಕ್ರವಾಗಿ ಹಲ್ಲು ನೆಟ್ಟ ದವಡೆಗೆ ತಂತಿ ಕಟ್ಟಿ ಬಿಸಿನೀರಿನಲ್ಲಿ ಅದ್ದುತ್ತಾರೆ. ಮೇಣ ಮೆತ್ತಗಾಗಿ ಹಲ್ಲುಗಳು ಕಣ್ಣೆದುರೇ ಸಾಲುಗೂಡುತ್ತವೆ. ಬಾಯಿಯಲ್ಲಿ ಎರಡು ವರ್ಷ ಹಿಡಿಯುವುದು ಪಾತ್ರೆಯಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅದನ್ನು ನೋಡಿದ ನನ್ನ ಸೊಸೆ, ತನ್ನನ್ನೂ ಬಿಸಿನೀರಿನಲ್ಲಿ ಅದ್ದಬಾರದೇ ಎಂದು ಕೇಳಿದಳು.

ಅಳುವಿನ ಕೋಣೆಯ ಪಾಠ ಬೇರೆ. ಅಲ್ಲಿ ಮೊದಲು ಹೇಳು, ಬಳಿಕ ತೋರಿಸು, ಆಮೇಲೆ ಮಾಡು ಎಂಬ ಮೂರು ಮೆಟ್ಟಿಲಿನ ಪದ್ಧತಿಯುಂಟು. 1959ರಿಂದ ಜಗತ್ತಿನಾದ್ಯಂತ ಕಲಿಸುತ್ತಿರುವುದು. ಸೂಜಿಯೆನ್ನಬಾರದು, ಹಲ್ಲಿಗೆ ನಿದ್ದೆ ಬರಿಸುವ ಮದ್ದೆನ್ನಬೇಕು. ಎಂಜಲು ಹೀರುವ ನಳಿಕೆ ಆನೆಯ ಸೊಂಡಿಲಾಗುತ್ತದೆ, ಎಕ್ಸ್‌ರೇ ಹಲ್ಲಿನ ಫೋಟೋ ಆಗುತ್ತದೆ. ಇದೆಲ್ಲ ಪುಸ್ತಕದಲ್ಲಿರುವುದು ಇಂಗ್ಲಿಷಿನಲ್ಲಿ. ಕುರ್ಚಿಯ ಮೇಲಿರುವ ಮಗುವೋ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಕಾರವಾರದ ಕೂಸು. ಉತ್ತರ ಭಾರತದಿಂದ ಬಂದ ವಿದ್ಯಾರ್ಥಿಯೊಬ್ಬ ಹರುಕು ಕನ್ನಡದಲ್ಲಿ ಸೊಂಡಿಲಿನ ಕಥೆ ಹೇಳಲೆತ್ನಿಸಿ, ಕೊನೆಗೆ ತಾನೇ ಆನೆಯಂತೆ ಕೈ ಬೀಸಿದ. ಮಗು ಅಳು ನಿಲ್ಲಿಸಿ ಬಾಯಿ ತೆರೆಯಿತು. ತಂತಿಯ ಕೌಶಲವನ್ನು ಗಾರೆಯ ಅಚ್ಚಿನ ಮೇಲೆ ಕಲಿಯಬಹುದು. ಈ ವಿದ್ಯೆಗೆ ಮಗುವೇ ಬೇಕು. ವಿಭಾಗದಲ್ಲಿ ಭಾಷೆಯನ್ನೂ ಕಡ್ಡಾಯವಾಗಿ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಎದುರುಬದುರಿನ ಈ ಕೋಣೆಗಳು ಒಂದೇ ಕಥೆಯ ಆದಿ ಅಂತ್ಯಗಳೆಂದು ನನಗೆ ತಿಳಿಯಲು ಕೆಲವು ತಿಂಗಳು ಬೇಕಾದವು. ಹಾಲುಹಲ್ಲು ಇಪ್ಪತ್ತು. ಹೇಗೂ ಬೀಳುವ ಹಲ್ಲಿಗೆ ಚಿಕಿತ್ಸೆಯೇಕೆಂದು ನಾವೆಲ್ಲ ಹೇಳುತ್ತೇವೆ. ಆದರೆ ಹಾಲಿನ ದವಡೆಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಬಾಯಲ್ಲಿದ್ದು, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಸ್ಥಳ ಕಾಯುತ್ತವೆ. ಹಾಲಿನ ಬಾಟಲಿ ಕಚ್ಚಿಕೊಂಡೇ ಮಲಗಿದ್ದರಿಂದಲೋ, ಜೋನಿಬೆಲ್ಲವನ್ನು ದಿನವಿಡೀ ನೆಕ್ಕಿದ್ದರಿಂದಲೋ ಅವು ಹುಳುಕಾಗಿ ಬೇಗ ಕೀಳಿಸಿಕೊಂಡರೆ, ಹಿಂದಿನ ಹಲ್ಲು ಮುಂದಕ್ಕೆ ಸರಿದು ಆ ಸ್ಥಳವನ್ನು ಆಕ್ರಮಿಸುತ್ತದೆ. ಅಲ್ಲೊಂದು ಪಟ್ಟಿಯನ್ನೂ ತಂತಿಯ ಕುಣಿಕೆಯನ್ನೂ ಕೂಡಿಸಿ ಜಾಗ ಕಾಯ್ದುಕೊಡುವುದುಂಟು. ವಿದ್ಯಾರ್ಥಿಗಳಿಗೆ ಅದನ್ನು ಕಲಿಸುತ್ತಾರೆ. ಆದರೆ ಕೀಳಿಸಿದವರು ಮರಳಿ ಬಂದರೆ ತಾನೆ? ಬಾರದವರು ಹದಿಮೂರರಲ್ಲಿ ಎದುರು ಕೋಣೆಗೆ ಬರುತ್ತಾರೆ. ನನ್ನ ಸೊಸೆಯ ಕಥೆ ಇದೇ.

ನನ್ನ ಕಥೆ ಇನ್ನೂ ಕೆಟ್ಟದು. ಆರನೆಯ ವರ್ಷದಲ್ಲಿ ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಒಂದು ದವಡೆಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಬರುವ ಅದನ್ನು ಮನೆಯವರು ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದು ಶಾಶ್ವತವಾದದ್ದು. ಅಮೆರಿಕದಲ್ಲಿ 1900ರಲ್ಲಿ ಈ ವಿದ್ಯೆಯ ಮೊದಲ ಶಾಲೆಯನ್ನು ತೆರೆದ ಏಂಗಲ್ ಎಂಬಾತ ವಕ್ರದಂತಗಳನ್ನು ವರ್ಗೀಕರಿಸಿದ್ದು, ಮೇಲಿನ ಮತ್ತು ಕೆಳಗಿನ ಇದೇ ಹಲ್ಲುಗಳು ಹೇಗೆ ಕೂಡುತ್ತವೆಂಬುದರ ಮೇಲೆ. ನನ್ನದನ್ನು ಒಂಬತ್ತರ ಪ್ರಾಯದಲ್ಲಿ ಕೀಳಿಸಿದರು. ಹೊಸದು ಬರಲೆಂದು ನಾನು ಅದನ್ನು ಶ್ರದ್ಧೆಯಿಂದ ಹೆಂಚಿನ ಮಾಡಿನ ಮೇಲೆಸೆದೆ. ಇನ್ನೂ ಬಂದಿಲ್ಲ.

ಕಾಲೇಜಿನ ಮೊಗಸಾಲೆಯವರೆಗೆ ಎಲ್ಲ ಮಕ್ಕಳೂ ಬರಲಾರರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರಕಾರಿ ಶಾಲೆಗಳಿಗೇ ಹೋಗಿ ತಪಾಸಣೆ ಮಾಡುವ ತೊಂದರೆಗಳಲ್ಲಿ ಹಲ್ಲಿನದೂ ಸೀಳುತುಟಿಯದೂ ಸೇರಿವೆ. ತರಬೇತಿಯ ವರ್ಷದ ವಿದ್ಯಾರ್ಥಿಗಳನ್ನು ಕಾಲೇಜುಗಳು ಹಳ್ಳಿಯ ಶಿಬಿರಗಳಿಗೂ ಕಳಿಸುತ್ತವೆ. ಆ ಶಿಬಿರಗಳು ಘಟ್ಟವಿಳಿದು ಗಂಗಾವಳಿಯ ದಂಡೆಯವರೆಗೂ ಹೆಚ್ಚಾಗಿ ಬರಬೇಕು. ಆರು ವರ್ಷದ ಬಾಯೊಂದನ್ನು ಶಾಲೆಯ ಜಗಲಿಯ ಬೆಳಕಿನಲ್ಲಿ ನೋಡಿ ಗುರುತಿಸುವುದಕ್ಕೆ ದೊಡ್ಡ ಯಂತ್ರವೇನೂ ಬೇಡ.

ಸೊಸೆಯ ಕ್ಲಿಪ್ಪು ತೆಗೆಸಿದ ದಿನ ಅವಳ ತಮ್ಮನನ್ನೂ ಕರೆದೊಯ್ದಿದ್ದೆ. ಅವನಿಗೆ ಆರು ತುಂಬಿತ್ತು. ಅವಳು ರಾತ್ರಿ ಹಾಕಿಕೊಳ್ಳಬೇಕಾದ ತಟ್ಟೆಯ ಅಳತೆ ಕೊಡುತ್ತಿರುವಾಗ, ಎದುರಿನ ಕೋಣೆಯಲ್ಲಿ ಆನೆಯ ಹುಡುಗನೇ ಇವನ ಬಾಯಿ ನೋಡಿ, ಈಗ ಕೊಂಚ ಸುಧಾರಿಸಿದ ಕನ್ನಡದಲ್ಲಿ, “ಮಾಮಾ, ಇದು ಬೀಳುವ ಹಲ್ಲು ಅಲ್ಲ” ಎಂದು ನನಗೆ ತೋರಿಸಿದ. ಹಲ್ಲಿನ ಮೇಲ್ಮೈಯ ಕೊರಕಲುಗಳಿಗೆ ತೆಳುವಾದ ಲೇಪ ಹಚ್ಚಿ ನೀಲಿ ದೀಪ ಹಿಡಿದ. ಸೂಜಿಯಿಲ್ಲ, ನೋವಿಲ್ಲ. ಹುಡುಗ ಕೈಗನ್ನಡಿಯಲ್ಲಿ ಬಾಯಿ ಅಗಲಿಸಿ ನೋಡಿಕೊಂಡ.

“ಮಾಮಾ, ಇದು ಹೊಸಾದಾ?”

ಹೌದೆಂದೆ. ಬಸ್ಸಿನಲ್ಲಿ ಆರಬೈಲ್ ಇಳಿಯುವವರೆಗೂ ಅವನು ನಾಲಗೆಯ ತುದಿಯಿಂದ ಅದನ್ನು ಮುಟ್ಟಿ ನೋಡುತ್ತಲೇ ಇದ್ದ.